ಮಯತ ಸಾಹೇಬರ ಒಂದೇ ಎಪಿಸೋಡು

ಪುಣೆಯ ನಮ್ಮ ಸೊಸೈಟಿಯ ಮೂರನೆಯ ಮಹಡಿಯಲ್ಲಿದ್ದ ಹಿರಿಯರೊಬ್ಬರು ಈ ಬೇಸಗೆಯಲ್ಲಿ ತೀರಿಕೊಂಡರು. ಅದು ಅವರ ಎರಡನೆಯ ಸಾವು. ಮೊದಲನೆಯದು ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಟಿವಿಯಲ್ಲಿ ಆಗಿತ್ತು. ಆಗ ನಮ್ಮ ಮನೆಯಲ್ಲಿ ನಲವತ್ತು ಜನ ಸೇರಿದ್ದರು; ಚಾಪೆ ಸಾಲದೆ ಪಕ್ಕದ ಮನೆಯಿಂದ ತರಿಸಬೇಕಾಯಿತು. ಎರಡನೆಯದಕ್ಕೆ ಅಷ್ಟು ಜನ ಬರಲಿಲ್ಲ. ಬಂದವರಲ್ಲೂ ಅರ್ಧ ಜನ ಮೊದಲನೆಯದನ್ನೇ ನೆನೆಯುತ್ತ ನಿಂತಿದ್ದರು.

ಹೆಸರು ಬರೆಯುವುದಿಲ್ಲ. ಬರೆದರೂ ಸೊಸೈಟಿಯಲ್ಲಿ ಬಹಳ ಜನರಿಗೆ ಗುರುತು ಹತ್ತಲಿಕ್ಕಿಲ್ಲ. ಇಲ್ಲಿಯ ಪೊಲೀಸರ ಮರಾಠಿ ಕಾಗದಪತ್ರದಲ್ಲಿ ಸತ್ತವನಿಗೆ ‘ಮಯತ’ ಎನ್ನುತ್ತಾರೆ. ಟಿವಿಯ ಆ ಸಾವಿನ ಮರುದಿನವೇ ನಮ್ಮ ಮರಾಠಿ ನೆರೆಯವರು ಅವರಿಗೆ ‘ಮಯತ ಸಾಹೇಬ’ ಎಂದು ಪದವಿ ಕೊಟ್ಟರು. ಹಾಲಿನವನು, ಪೇಪರಿನವನು, ಕೊನೆಗೆ ನಲ್ಲಿ ರಿಪೇರಿಯವನು ಕೂಡ ಮಯತ ಸಾಹೇಬರು ಮನೆಯಲ್ಲಿದ್ದಾರೆಯೇ ಎಂದು ವಿಚಾರಿಸುತ್ತಿದ್ದ. ಅವರು ಬಾಗಿಲು ತೆರೆದು, “ಇದ್ದೇನಿ, ಒಳಗ ಬರ್ರಿ” ಎನ್ನುತ್ತಿದ್ದರು.

ಧಾರವಾಡದ ಕಡೆಯವರು. ಇಪ್ಪತ್ತೆರಡನೆಯ ವಯಸ್ಸಿಗೆ ಪುಣೆಗೆ ಬಂದು, ಒಂದು ಸರ್ಕಾರಿ ಕಚೇರಿಯ ಆವಕ-ಜಾವಕ ವಿಭಾಗದಲ್ಲಿ ಸೇರಿದರು. ಬರುವ ಕಾಗದಕ್ಕೆ ಒಂದು ನಂಬರು, ಹೋಗುವ ಕಾಗದಕ್ಕೆ ಒಂದು ನಂಬರು. ಮೂವತ್ತಾರು ವರ್ಷ ಅದೇ ಕೆಲಸ. ಸಣ್ಣ ಆಳು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮಾತು ಶುರುಮಾಡುವ ಮೊದಲು ಎದುರಿಗಿದ್ದ ಯಾವುದಾದರೂ ಒಂದು ವಸ್ತುವನ್ನು, ಚಹದ ಬಸಿಯನ್ನೋ ಚಾಳೀಸಿನ ಡಬ್ಬಿಯನ್ನೋ, ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಡಬೇಕು. ಅದು ನೆಟ್ಟಗಾಗದ ಹೊರತು ಅವರ ವಾಕ್ಯ ಹೊರಡುತ್ತಿರಲಿಲ್ಲ.

ಒಮ್ಮೆ ಅವರ ಸಾಹೇಬನೊಬ್ಬ, ನಾಳೆ ಬರಲಿರುವ ಒಂದು ಅರ್ಜಿಗೆ ಇವತ್ತಿನ ತಾರೀಖು ಬೇಕಾಗಿದೆ, ಆವಕ ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಬಿಡಿ ಎಂದನಂತೆ. ಇವರು ಇಂಕಿನ ಬುಡ್ಡಿಯನ್ನು ನೆಟ್ಟಗೆ ಮಾಡಿ, “ಆಗಲಿ ಸಾಹೇಬ್ರ” ಎಂದು ಒಪ್ಪಿಕೊಂಡರು. ಒಪ್ಪಿಕೊಂಡು, ಆ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: ‘ಸಾಹೇಬರ ಅಪ್ಪಣೆಯಂತೆ ಈ ಸಾಲನ್ನು ಖಾಲಿ ಬಿಡಲಾಗಿದೆ.’ ಒಂದೇ ವಾರದಲ್ಲಿ ಸಾಸವಡಕ್ಕೆ ವರ್ಗವಾಯಿತು. ಎರಡು ವರ್ಷ ಕೆಂಪು ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದರು. ಆ ಬಗ್ಗೆ ಅವರು ನನ್ನ ಮುಂದೆ ಆಡಿದ್ದು ಒಂದೇ ಮಾತು: “ಸಾಸವಡದ ಹವಾ ಭಾಳ ಛಲೋ ಅದರಿ.”

ಇಂಥವರಿಗೆ ನಾಟಕದ ಹುಚ್ಚು. ಕನ್ನಡ ಸಂಘದ ವಾರ್ಷಿಕ ನಾಟಕದಲ್ಲಿ ಯಾವಾಗಲೂ ಒಂದು ಸಣ್ಣ ಪಾತ್ರ. ದೂತ, ಎರಡನೆಯ ಮಂತ್ರಿ, ಇಂಥವು. ಆ ಕಾಲಕ್ಕೆ ಟಿವಿಯಲ್ಲಿ ವಾರಕ್ಕೊಮ್ಮೆ ಒಂದು ಹಿಂದಿ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ದಪ್ಪ ಮೀಸೆಯ ಇನ್‌ಸ್ಪೆಕ್ಟರು, ತಪ್ಪು ಮನುಷ್ಯನ ಮೇಲೆ ಸಂಶಯಪಡುವುದಕ್ಕೆಂದೇ ಪಗಾರ ಪಡೆಯುವ ಹವಾಲ್ದಾರ, ಮೊದಲ ಎರಡು ನಿಮಿಷದಲ್ಲಿ ಒಂದು ಕೊಲೆ, ಅರ್ಧ ತಾಸಿನೊಳಗೆ ಕೊಲೆಗಾರನ ಕೈಗೆ ಬೇಡಿ. ನಿಜವಾದ ಪೊಲೀಸರು ಅದನ್ನು ನೋಡಿ ಏನೆಂದುಕೊಳ್ಳುತ್ತಿದ್ದರೋ, ನಾವಂತೂ ಊಟ ಬಿಟ್ಟು ನೋಡುತ್ತಿದ್ದೆವು. ಆ ಹವಾಲ್ದಾರನ ಪಾತ್ರ ಮಾಡುತ್ತಿದ್ದವನು ಹಗಲು ಹೊತ್ತಿನಲ್ಲಿ ಇವರ ಕಚೇರಿಯಲ್ಲೇ ಗುಮಾಸ್ತ. ಅವನ ಶಿಫಾರಸಿನಿಂದ ಇವರಿಗೆ ಒಂದು ಎಪಿಸೋಡಿನಲ್ಲಿ ಪಾತ್ರ ಸಿಕ್ಕಿತು. ಇಂದಾಪುರದ ಕಡೆಯ ಒಬ್ಬ ಶೇಠ. ಸಕ್ಕರೆ ಕಾರ್ಖಾನೆಯ ಮಾಲೀಕ. ಮೊದಲ ದೃಶ್ಯದಲ್ಲಿ ನಾಲ್ಕು ಮಾತು ಆಡಿ ಹಾಲು ಕುಡಿಯಬೇಕು. ಆಮೇಲೆ ವಿಷ ಏರಿ ಸಾಯಬೇಕು.

ಅವರ ಹೆಂಡತಿಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇವೆ. ವೈನಿ ಮಡಿ-ಹುಡಿಯ ಹೆಂಗಸು, ಮಾತಿನಲ್ಲಿ ಮಾತ್ರ ಮಡಿಯಿಲ್ಲ. ಸಾಯುವ ವಿಷಯ ಕಿವಿಗೆ ಬಿದ್ದ ಕೂಡಲೇ ವಿಚಾರಣೆ ನಡೆಯಿತು. ನಾನೂ ಅಲ್ಲಿದ್ದೆ.

“ಸತ್ತದ್ದು ತೋರಸ್ತಾರೇನು?”

“ಇಲ್ಲ. ಹಾಲು ಕುಡಿಯೂದು ಅಷ್ಟ. ಆಮ್ಯಾಲ ಒಂದ ಬಿಳೀ ಚಾದರ.”

“ಮುಖದ ಮ್ಯಾಲ ಚಾದರ ಇರತದ?”

“ಇರತದ.”

“ಹಂಗಿದ್ರ ಮಾಡ್ರಿ. ಆದ್ರ ನಾ ನಿಮ್ಮನ್ನ ಹಂಗ ನೋಡೂಹಂಗ ಆಗಬಾರದು. ನನ್ನ ಕೊಳ್ಳಾಗ ತಾಳಿ ಅದ.”

ಹೀಗೆ ಅನುಮತಿ ಮಂಜೂರಾಯಿತು. ಹದಿನೈದು ದಿನ ತಾಲೀಮು. ಶೇಠನ ಮೊದಲ ಮಾತು, “ದೂಧ್ ಮೇಂ ಶಕ್ಕರ್ ಕಮ್ ಹೈ.” ಸಕ್ಕರೆ ಕಾರ್ಖಾನೆಯವನ ಬಾಯಲ್ಲಿ ಹಾಲಿಗೆ ಸಕ್ಕರೆ ಕಡಿಮೆ ಎಂಬ ಮಾತನ್ನು ಇಟ್ಟವನು ಸಾಮಾನ್ಯ ಬರಹಗಾರನಲ್ಲ ಎಂದು ಇವರ ಅಭಿಪ್ರಾಯ. ವೈನಿ ದಿನಾ ಸಂಜೆ ಹಾಲಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದರು. ನಾಲ್ಕೂ ಮಾತು ಗಂಡನಿಗಿಂತ ಮೊದಲು ಅವರಿಗೇ ಬಾಯಿಪಾಠವಾದವು.

ಶೂಟಿಂಗು ಕೋರೇಗಾಂವ ಪಾರ್ಕಿನ ಒಂದು ಹಳೆಯ ಬಂಗಲೆಯಲ್ಲಿ. ನಾನು ಒಂದು ದಿನದ ರಜೆ ಹಾಕಿ, ಅವರ ಬದಲಿ ಅಂಗಿಯ ಚೀಲ ಹಿಡಿದುಕೊಂಡು ಜೊತೆಗೆ ಹೋದೆ. ಬೆಳಿಗ್ಗೆ ಎಂಟಕ್ಕೆ ಬಣ್ಣ ಹಚ್ಚಿ ಕೂಡಿಸಿದರು. ಹತ್ತಾಯಿತು, ಹನ್ನೆರಡಾಯಿತು. ಹಾಲು ತಂದುಕೊಡಬೇಕಾದ ನಟಿ ಬರಲೇ ಇಲ್ಲ. ಬಂಗಲೆಯ ಮಾಲೀಕರು ಐದು ಗಂಟೆಗೆ ಬಾಗಿಲು ಹಾಕುವುದಾಗಿ ಹೇಳಿಕಳಿಸಿದರು. ಮೂರಕ್ಕೆ ನಿರ್ದೇಶಕರು ತಲೆ ಕೆರೆದುಕೊಂಡು ತೀರ್ಪು ಕೊಟ್ಟರು:

“ಶೇಠ್‌ಜಿ ಕೋ ಸೀಧಾ ಮಾರ್ ದೋ.”

ಬದುಕಿರುವ ದೃಶ್ಯ ರದ್ದು. ಎಪಿಸೋಡು ಹೆಣದಿಂದಲೇ ಶುರು. ಚಾದರವೂ ಇಲ್ಲ. ಮುಖ ಕಾಣದಿದ್ದರೆ ಸತ್ತವನು ಯಾರೆಂದು ಜನಕ್ಕೆ ತಿಳಿಯುವುದು ಹೇಗೆ? ಇವರು ಎದ್ದು ನಿಂತು, ಪಕ್ಕದ ಮೇಜಿನ ಮೇಲಿದ್ದ ಹೂದಾನಿಯನ್ನು ನೆಟ್ಟಗೆ ಮಾಡಿ ಒಂದೇ ಪ್ರಶ್ನೆ ಕೇಳಿದರು. “ಜಹರ್ ದೂಧ್ ಮೇಂ ಹೀ ಹೈ ನಾ?” ಹೌದು, ವಿಷ ಹಾಲಿನಲ್ಲೇ ಎಂದರು. ಹಾಲಿನ ಮಟ್ಟಿಗಾದರೂ ಮೂಲ ಕಥೆ ಉಳಿದದ್ದು ಅವರಿಗೆ ಸಮಾಧಾನ. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ ಕೇಳಿದರು:

“ಮನ್ಯಾಗ ಏನ ಹೇಳೂದ್ರಿ?”

ಹವಾಲ್ದಾರ ಗೆಳೆಯ ಅವರನ್ನು ಆರಾಮಕುರ್ಚಿಯಲ್ಲಿ ಕೂಡಿಸಿ, ತಲೆಯನ್ನು ಬಲಕ್ಕೆ ವಾಲಿಸಿ, ಕೈಯೆರಡನ್ನೂ ಬೆರಳು ಬಿಡಿಸಿ ಕುರ್ಚಿಯ ತೋಳಿನ ಮೇಲಿಟ್ಟ.

ಮುಂದಿನದನ್ನು ನಾನು ಕಣ್ಣಾರೆ ಕಂಡವನು. ಕುರ್ಚಿಯ ಸುತ್ತ ಮೀಸೆಯ ಇನ್‌ಸ್ಪೆಕ್ಟರು ತಿರುಗುತ್ತ ಮನೆಯವರ ವಿಚಾರಣೆ ಮಾಡಬೇಕು. ಇನ್‌ಸ್ಪೆಕ್ಟರಿಗೆ ಮಾತು ಮರೆಯುತ್ತಿತ್ತು. ಮತ್ತೆ ಮತ್ತೆ ಮೊದಲಿನಿಂದ. ದೊಡ್ಡ ದೊಡ್ಡ ದೀಪ, ಸೆಕೆ, ಗದ್ದಲ. ನಮ್ಮ ಹೆಣ ಮಾತ್ರ ಅಲ್ಲಾಡಲಿಲ್ಲ. ಆರನೆಯ ಸಲ ಒಂದು ನೊಣ ಬಂದು ಅವರ ಮೂಗಿನ ಮೇಲೆ ಕೂತಿತು. ಅಲ್ಲಿಂದ ಇಳಿದು ಮೇಲ್ದುಟಿಯವರೆಗೆ ನಡೆಯಿತು. ಎಲ್ಲರೂ ಉಸಿರು ಬಿಗಿಹಿಡಿದರು. ನೊಣ ತನ್ನ ಪರಿಶೀಲನೆ ಮುಗಿಸಿ ಹಾರಿಹೋಯಿತು. ಶೇಠನ ರೆಪ್ಪೆಯೂ ಕದಲಲಿಲ್ಲ. ನಿರ್ದೇಶಕರು ‘ಕಟ್’ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಅದಕ್ಕೂ ಅವರು ಏಳಲಿಲ್ಲ. ಪಾತ್ರದಲ್ಲಿ ಅಷ್ಟು ಆಳಕ್ಕೆ ಇಳಿದವರನ್ನು ಮೇಲಕ್ಕೆ ತರಲು ನಾನೂ ಹವಾಲ್ದಾರನೂ ಸೇರಿ ಭುಜ ಹಿಡಿದು ಅಲುಗಿಸಬೇಕಾಯಿತು.

ನೊಣದ ವಿಷಯ ಹೇಳಿದಾಗ ಅವರಿಗೇ ಆಶ್ಚರ್ಯ. “ನನಗ ಗೊತ್ತೇ ಆಗಿಲ್ಲರಿ. ಆ ಹೊತ್ತಿನ್ಯಾಗ ನಾ ಅಲ್ಲಿ ಇರಲೇ ಇಲ್ಲ” ಎಂದರು. ಯೋಗಿಗಳು ಹೀಗೆ ಮಾತಾಡುವುದನ್ನು ಕೇಳಿದ್ದೆ. ಆವಕ-ಜಾವಕದವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಅವರ ಮೇಲೆ ಭಕ್ತಿ ಹುಟ್ಟಿದ್ದು ಆ ಸಂಜೆ.

ಮನೆಯಲ್ಲಿ ಅವರು ಏನೂ ಹೇಳಲಿಲ್ಲ. ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಬಿಡದವರು ಬಾಳಿನಲ್ಲಿ ಬಿಟ್ಟ ಒಂದೇ ಖಾಲಿ ಸಾಲು ಅದು.

ಪ್ರಸಾರದ ದಿನ ನಮ್ಮ ಮನೆಗೆ ಎಲ್ಲರೂ ಬಂದರು, ಬಣ್ಣದ ಟಿವಿ ಇದ್ದದ್ದು ನಮ್ಮಲ್ಲೇ. ವೈನಿ ಇಳಕಲ್ ಸೀರೆ ಉಟ್ಟು, ದೊಡ್ಡ ಡಬ್ಬಿ ತುಂಬ ಚುರಮರಿ ಹಚ್ಚಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತರು. ಗಂಡ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ಸಂಗೀತ ಮುಗಿಯಿತು. ವೈನಿಯ ತುಟಿ ಸಿದ್ಧವಾಗಿತ್ತು, ‘ದೂಧ್ ಮೇಂ’ ಎನ್ನಲು. ಪರದೆಯ ಮೇಲೆ ಒಂದು ಬಾಗಿಲು ತೆರೆಯಿತು, ಆಳು ಕಿರುಚಿದ, ಮುಂದಿನ ಕ್ಷಣ ಪೂರ್ತಿ ಪರದೆ ತುಂಬ ಅವರ ಗಂಡನ ಮುಖ. ವಾಲಿದ ತಲೆ, ಮುಚ್ಚಿದ ಕಣ್ಣು.

“ಅರೇ, ಹೇ ತರ ಆಪಲೇ ಸಾಹೇಬ!” ಎಂದು ಕೆಳಮನೆಯ ಮರಾಠಿ ಅಜ್ಜ, ಆಜೋಬಾ, ಹಿಗ್ಗಿ ಕೂಗಿದರು. ನಮ್ಮವರೇ ಇವರು ಎಂಬ ಅವರ ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ವೈನಿ ಎದ್ದರು. ಯಾರ ಕಡೆಗೂ ನೋಡದೆ, ಚಪ್ಪಲಿ ಮೆಟ್ಟದೆ ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನ ಬಚ್ಚಲಿನಿಂದ ನೀರು ಸುರಿಯುವ ಸಪ್ಪಳ ಕೇಳಿಸಿತು. ಸಾವಿನ ಸುದ್ದಿ ಬಂದಾಗ ನಮ್ಮವರು ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಹಾಕಿಕೊಳ್ಳುತ್ತಾರಲ್ಲ, ಹಾಗೆ, ಕೊಡದ ಮೇಲೆ ಕೊಡ. ಟಿವಿಯಲ್ಲಿ ಇನ್‌ಸ್ಪೆಕ್ಟರು ವಿಚಾರಣೆ ನಡೆಸುತ್ತಿದ್ದರು. ನಲವತ್ತು ಜನ ಕೇಳುತ್ತಿದ್ದದ್ದು ನೀರಿನ ಸಪ್ಪಳವನ್ನು.

ವೈನಿ ಒದ್ದೆ ಕೂದಲಲ್ಲೇ ಕೆಳಗೆ ಬಂದು ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದರು: “ಚಾದರ ಇರತದ ಅಂದಿದ್ರಿ. ಇರಲಿ. ಆದ್ರ ಇದನ್ನ ನಾ ಇನ್ನ ನೋಡೂದಿಲ್ಲ. ನೋಡ್ರಿ ಅಂತ ಯಾರೂ ಹೇಳಬ್ಯಾಡ್ರಿ.” ಅವರು ಎದ್ದು ಹೆಂಡತಿಯ ಹಿಂದೆಯೇ ಹೋದರು. ತಮ್ಮ ಎಪಿಸೋಡನ್ನು ಆ ದಿನ ಅವರೂ ನೋಡಲಿಲ್ಲ. ಕೊಲೆ ಮಾಡಿದವನು ಸೋದರಳಿಯ ಎಂದು ಮರುದಿನ ನಾನೇ ಹೇಳಿದೆ.

ಊರಿಗೆಲ್ಲ ಅವರು ಮಯತ ಸಾಹೇಬರಾದರು, ನೊಣದ ಕಥೆ ಹಳೆಯ ಪುಣೆಯ ಪೇಠೆಗಳವರೆಗೂ ಹೋಯಿತು. ಅಲ್ಲಿಂದ ಮುಂದೆ ಸಿನೆಮಾಕ್ಕೆ ಅವರ ಜೊತೆ ಹೋಗುವುದು ಬೇರೆಯೇ ಒಂದು ಶಿಕ್ಷಣ. ಯುದ್ಧದ ದೃಶ್ಯದಲ್ಲಿ ನಾವು ನಾಯಕನನ್ನು ನೋಡುತ್ತಿದ್ದರೆ ಅವರು ಹಿಂದೆ ಬಿದ್ದವರನ್ನು ನೋಡುತ್ತಿದ್ದರು. “ಎಡಗಡೆ ಮೂರನೇ ಹೆಣ ನೋಡ್ರಿ, ಉಗುಳು ನುಂಗಿತು” ಎಂದು ಪಿಸುಗುಟ್ಟುತ್ತಿದ್ದರು. ಆಮೇಲೆ ಆ ಸಿನೆಮಾದಲ್ಲಿ ನಮಗೆ ಬೇರೇನೂ ಕಾಣುತ್ತಿರಲಿಲ್ಲ. ಸಂಘದ ನಾಟಕದಲ್ಲಿ ಸತ್ತು ಬೀಳುವವರಿಗೆಲ್ಲ ಅವರದೇ ತರಬೇತಿ. ಒಮ್ಮೆ ತಾಲೀಮಿನಲ್ಲಿ ಕೌರವರ ಕಡೆಯ ಒಬ್ಬ ಸೈನಿಕ, ಬ್ಯಾಂಕಿನ ಕ್ಯಾಶಿಯರು, ಸತ್ತಲ್ಲೇ ಕಾಲು ಕೆರೆದುಕೊಂಡ.

“ಏನೋ ಅದು?”

“ಸೊಳ್ಳಿ ಕಡೀತ್ರಿ ಸರ್.”

“ಸತ್ತವಗ ಎಲ್ಲೀ ಸೊಳ್ಳಿನೋ ತಮ್ಮಾ? ಸೊಳ್ಳಿ ಬದುಕಿದವರ ಪ್ರಾಬ್ಲೆಮ್ಮು.”

ಕಲಿಸುವುದರಲ್ಲಿ ಅವರು ತಮಾಷೆ ಮಾಡುತ್ತಿರಲಿಲ್ಲ. ನಾಟಕದಲ್ಲಿ ಮಾತಾಡುವವರಿಗೆ ಚಪ್ಪಾಳೆ ಇದೆ, ಹಾಡುವವರಿಗೆ ಇದೆ. ಬಿದ್ದವನು ಬರೋಬ್ಬರಿ ಬಿದ್ದಿದ್ದರೆ ಮಾತ್ರ ಅಳುವವಳ ಅಳು ಖರೇ ಆಗುತ್ತದೆ, ಆದರೆ ಅವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎನ್ನುತ್ತಿದ್ದರು. ಮೂವತ್ತಾರು ವರ್ಷ ಬೇರೆಯವರ ಕಾಗದಕ್ಕೆ ನಂಬರು ಹಾಕಿದ ಮನುಷ್ಯ ಹೀಗೆ ಹೇಳಿದಾಗ ನಾನು ನಗುವುದನ್ನು ನಿಲ್ಲಿಸಿದ್ದೆ.

ಒಂದು ಕೊರಗು ಮಾತ್ರ ಉಳಿದಿತ್ತು. ಇಡೀ ಪುಣೆ ಮೆಚ್ಚಿದ ಕೆಲಸವನ್ನು ಹೆಂಡತಿ ನೋಡಲಿಲ್ಲ. ಅವರ ಸಮಸ್ಯೆ ಕಾನೂನಿನ ಪುಸ್ತಕದಲ್ಲೂ ಇಲ್ಲದಂಥದ್ದು. ಚೆನ್ನಾಗಿ ಸತ್ತಿದ್ದೇನೆ ಎಂದಷ್ಟೂ ವೈನಿಯ ನಿರ್ಧಾರ ಗಟ್ಟಿಯಾಗುತ್ತಿತ್ತು. “ಅಷ್ಟ ಖರೇ ಕಾಣತದಂದ್ರ ನಾ ಯಾಕ ನೋಡಲಿ?” ಎನ್ನುತ್ತಿದ್ದರು. ಸುಮಾರಾಗಿ ಸತ್ತಿದ್ದರೆ ಆ ವಾರವೇ ನೋಡಿ ನಕ್ಕುಬಿಡುತ್ತಿದ್ದರೇನೋ.

ಹೋದ ವರ್ಷ ಯಾರೋ ಪುಣ್ಯಾತ್ಮರು ಆ ಹಳೆಯ ಧಾರಾವಾಹಿಯನ್ನು ಇಂಟರ್‌ನೆಟ್ಟಿಗೆ ಏರಿಸಿದರು. ನನ್ನ ಮಗಳು ಅದನ್ನು ಹುಡುಕಿ ನನ್ನ ಟ್ಯಾಬಿಗೆ ಹಾಕಿಕೊಟ್ಟಳು. ಬಣ್ಣ ಮಾಸಿತ್ತು, ದನಿಯಲ್ಲಿ ಒಂದು ಗುಂಯ್ ಸೇರಿತ್ತು, ನೊಣ ಸ್ಪಷ್ಟವಾಗಿತ್ತು. ಎಪ್ಪತ್ತಾರರ ಮಯತ ಸಾಹೇಬರು ನಲವತ್ತೆರಡರ ಮಯತನನ್ನು ಮೊದಲ ಸಲ ನೋಡಿದ್ದು ನಮ್ಮ ಪಡಸಾಲೆಯಲ್ಲಿ. ಆ ಹೊತ್ತಿಗೆ ಹೃದಯ ಕೈಕೊಟ್ಟಿತ್ತು. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ಟ್ಯಾಬನ್ನು ಟೀಪಾಯಿಯ ಅಂಚಿಗೆ ನೆಟ್ಟಗೆ ಇಟ್ಟು ಹೇಳಿದರು:

“ನಿಮ್ಮ ವೈನಿಗೆ ಒಂದ ಮಾತ ಹೇಳ್ರಿ. ನಾ ಇರೂತನಕ ಒಮ್ಮೆ ನೋಡಲಿ. ನಾ ಬಾಜೂಕ ಕೈ ಹಿಡಕೊಂಡು ಕೂತಿರತೇನಿ. ಸತ್ತವ ಅಲ್ಲಿ, ಬದುಕಿದವ ಇಲ್ಲಿ. ಅಂಜೂದ ಏನದ?”

ನಾನು ರಾಯಭಾರಿಯಾಗಿ ಮೂರನೆಯ ಮಹಡಿಗೆ ಹೋದೆ. ವೈನಿ ಮೆಂತೆಪಲ್ಯ ಸೋಸುತ್ತಿದ್ದರು. ನನ್ನ ಭಾಷಣವನ್ನು ಪೂರ್ತಿ ಕೇಳಿದರು. ಕಲೆಯ ಬಗ್ಗೆ, ನೊಣದ ಬಗ್ಗೆ, ಗಂಡನ ಹೃದಯದ ಬಗ್ಗೆ.

“ಭಾವಜಿ,” ಎಂದರು, ಎಲೆಯಿಂದ ಕಣ್ಣೆತ್ತದೆ. “ಇಬ್ಬರ ಪೈಕಿ ಒಬ್ಬರು ಇನ್ನೊಬ್ಬರ ಮಾರಿ ಹಂಗ ಒಂದ ಸರ್ತಿ ನೋಡಬೇಕಾಗತದ. ನಾ ಮುಂದ ಹೋದ್ರ ಅವರು, ಅವರು ಮುಂದ ಹೋದ್ರ ನಾ. ಅದು ತಪ್ಪೂದಿಲ್ಲ ಅಂತ ನನಗೂ ಗೊತ್ತದ. ಆದ್ರ ಒಂದ ಸರ್ತಿ ಸಾಕಲ್ಲ? ಎರಡ ಸರ್ತಿ ಯಾಕ?”

ರಾಯಭಾರ ಅಲ್ಲಿಗೆ ಮುಗಿಯಿತು. ಕೆಳಗೆ ಬಂದು ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿ ತಲೆಯಾಡಿಸಿದರು. “ಬರೋಬ್ಬರಿ ಅದ ಅಕಿ ಮಾತು” ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ವಾರಕ್ಕೆರಡು ಸಲ ಮೆಟ್ಟಿಲಿಳಿದು ಬಂದು, ಒಬ್ಬರೇ ಕೂತು, ತಾವು ಸತ್ತು ಕೂತಿರುವ ಹನ್ನೊಂದು ನಿಮಿಷ ನೋಡಿ ಹೋಗುತ್ತಿದ್ದರು.

ಈ ಬೇಸಗೆಯಲ್ಲಿ ಒಂದು ಮಧ್ಯಾಹ್ನ, ಆಸ್ಪತ್ರೆಯಲ್ಲಿ, ವೈನಿ ಹೊರಗೆ ಔಷಧದ ಚೀಟಿ ಹಿಡಿದು ನಿಂತಿದ್ದಾಗ ಅವರು ಹೋದರು. ಮನೆಗೆ ತಂದ ಮೇಲೆ ವೈನಿ ಅವರ ತಲೆಯ ಹತ್ತಿರ ಕೂತರು. ಮುಖದಿಂದ ಕಣ್ಣು ಕೀಳಲಿಲ್ಲ, ಎತ್ತುವವರೆಗೂ.

ದಿನಗಳೆಲ್ಲ ಮುಗಿದು, ಬಂದ ನೆಂಟರು ಹೋಗಿ, ಇನ್ನೂ ಹತ್ತು ದಿನ ಕಳೆದಿರಬೇಕು. ಸಂಜೆ ನಾಲ್ಕರ ಹೊತ್ತಿಗೆ ವೈನಿ ನಮ್ಮ ಬಾಗಿಲಿಗೆ ಬಂದರು. ಒಳಗೆ ಬಂದು ಕೂತರು. ಚಹಾ ಬೇಡವೆಂದರು.

“ಹಾಕ್ರಿ ಅದನ್ನ.”

ನನಗೆ ಧೈರ್ಯವಾಗಲಿಲ್ಲ. “ಇವತ್ತ ಬ್ಯಾಡ ವೈನಿ, ಇನ್ನೊಂದು ದಿನ...”

“ಒಂದ ಸರ್ತಿ ಆತಲ್ಲ ಭಾವಜಿ. ಇನ್ನ ಎದಕ್ಕ ಅಂಜಲಿ? ಅವರು ಅಷ್ಟ ಕೇಳಿದ್ರು. ಕೈ ಹಿಡಕೊಂಡು ಕೂಡತೇನಿ ಅಂದಿದ್ರು. ನಾ ಹೂಂ ಅನ್ನಲಿಲ್ಲ.”

ಹಾಕಿದೆ. ಸಂಗೀತ, ಬಾಗಿಲು, ಆಳಿನ ಕಿರುಚಾಟ. ಆಮೇಲೆ ಆ ಮುಖ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಇನ್‌ಸ್ಪೆಕ್ಟರು ಎರಡು ಸುತ್ತು ಹಾಕಿರಬೇಕು, ವೈನಿಯ ದನಿ ಕೇಳಿಸಿತು.

“ತಡೀರಿ. ಹಿಂದ ಹೋಗ್ರಿ ಸ್ವಲ್ಪ.”

ಹಿಂದೆ ಹೋದೆ. ಅವರು ಟ್ಯಾಬನ್ನು ತಮ್ಮ ಕೈಗೆ ತೆಗೆದುಕೊಂಡು, ಚಾಳೀಸು ಏರಿಸಿ, ಮೂಗಿನ ಹತ್ತಿರ ಹಿಡಿದರು. ಸೆರಗು ಬಾಯಿಂದ ಜಾರಿತ್ತು.

“ಭಾವಜಿ, ಇವರಿಗೆ ನಿದ್ದಿ ಹತ್ತೇದ.”

“ಏನಂದ್ರಿ?”

“ನಿದ್ದಿರೀ, ನಿದ್ದಿ! ಇಲ್ಲಿ ಹೆಬ್ಬಟ್ಟು ನೋಡ್ರಿ. ಮುಟಗ್ಯಾಗ ಹೋಗೇದ. ಗಾಢ ನಿದ್ದಿ ಹತ್ತಿದಾಗ ಅಷ್ಟ ಹಂಗ ಹೋಗತದ ಅದು, ಕೂಸಿನ ಹಂಗ. ಕೆಳಗಿನ ತುಟಿ ನೋಡ್ರಿ. ನಲವತ್ತೊಂಬತ್ತ ವರ್ಷ ಬಾಜೂಕ ಮಲಗೇನಿ, ನನಗ ಗೊತ್ತಾಗೂದಿಲ್ಲೇನು?”

ನಾನು ನೋಡಿದೆ. ಕುರ್ಚಿಯ ತೋಳಿನ ಮೇಲೆ ಹವಾಲ್ದಾರ ಬಿಡಿಸಿಟ್ಟಿದ್ದ ಎಡಗೈ ಮುಷ್ಟಿಯಾಗಿತ್ತು, ಹೆಬ್ಬೆರಳು ಒಳಗೆ. ಅಂದು ಆ ಕೋಣೆಯಲ್ಲಿ ನಾನಿದ್ದೆ, ನಿರ್ದೇಶಕರಿದ್ದರು, ಇಪ್ಪತ್ತು ಜನರಿದ್ದರು, ಒಬ್ಬ ಇನ್‌ಸ್ಪೆಕ್ಟರೂ ಇದ್ದ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆಳಿಗ್ಗೆ ಎಂಟರಿಂದ ಬಣ್ಣ ಹಚ್ಚಿಕೊಂಡು ಕಾದ ಮನುಷ್ಯನಿಗೆ ಆರಾಮಕುರ್ಚಿ ಸಿಕ್ಕಿತ್ತು, ಅಷ್ಟೆ. ಆ ಯೋಗನಿದ್ರೆಗೆ ಮೂವತ್ತೈದು ವರ್ಷ ಕೈಮುಗಿದವನು ನಾನು. ಇದು ಅವರಿಗೆ ಗೊತ್ತಿತ್ತೇ? ಇರಲಿಕ್ಕಿಲ್ಲ. ಗೊತ್ತಿದ್ದರೆ ಹೆಂಡತಿಗೆ ಅಂದೇ ಹೇಳಿ ಪಾರಾಗುತ್ತಿದ್ದರು.

“ಮೊನ್ನೆ ನಾ ನೋಡಿದ ಮಾರಿ ಬ್ಯಾರೆ ಭಾವಜಿ,” ವೈನಿ ಸಣ್ಣ ದನಿಯಲ್ಲಿ ಹೇಳಿದರು. “ಇದು ಅದಲ್ಲ. ಇದು ಅದಲ್ಲವೇ ಅಲ್ಲ. ಸುಳ್ಳ ಅಂಜಿದೆ ಇಷ್ಟ ವರ್ಷ. ಎಲ್ಲಾ ಬಿಟ್ಟು ಅಲ್ಲಿ ಹೋಗಿ ಮಲಗ್ಯಾರ ನೋಡ್ರಿ, ಖೋಡಿ ಮನಷಾ.” ನಗುತ್ತಿದ್ದರು. ಕಣ್ಣೀರು ಚಾಳೀಸಿನೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಟ್ಯಾಬನ್ನು ಕೆಳಗಿಡಬೇಕಾಗುತ್ತಿತ್ತು, ಇಡಲಿಲ್ಲ.

ಎಪಿಸೋಡು ತನ್ನ ಪಾಡಿಗೆ ಮುಂದುವರಿಯಿತು. ಇನ್‌ಸ್ಪೆಕ್ಟರು ಕುರ್ಚಿಯ ಹಿಂದೆ ಬಂದು ನಿಂತು, ಮೇಜು ಗುದ್ದಿ, ಸೋದರಳಿಯನ ಮೇಲೆ ಗಟ್ಟಿಯಾಗಿ ಹರಿಹಾಯ್ದರು. ವೈನಿ ಗಂಡನ ಮುಖದಿಂದ ಕಣ್ಣು ತೆಗೆಯದೆ ಒಂದು ಕೈ ಎತ್ತಿ ನನ್ನನ್ನು ತಡೆದರು.

“ಸಪ್ಪಳ ಸಣ್ಣ ಮಾಡ್ರಿ ಸ್ವಲ್ಪ. ಎಚ್ಚರಾಗತದ ಅವರಿಗೆ.”

ನಾನು ದನಿ ಇಳಿಸಿದೆ. ಇನ್‌ಸ್ಪೆಕ್ಟರು ಬರೀ ಮೀಸೆ ಅಲ್ಲಾಡಿಸುತ್ತ ತನಿಖೆ ಮುಂದುವರಿಸಿದರು.